ಬರೆದವಳೇ ಹಾಡಿನ ಒಡತಿ: ಡಾಲಿ ಪಾರ್ಟನ್ ಬದುಕು ಮತ್ತು ಹಾಡಿನ ಹಕ್ಕಿನ ಲೆಕ್ಕ

ವಿಟ್ನಿ ಹ್ಯೂಸ್ಟನ್ ಅವರ ಕಂಠದಲ್ಲಿ ಜಗತ್ತೆಲ್ಲ ಕೇಳಿದ ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡು ಇಂದು ಅಮೆರಿಕದ ಯಾವುದಾದರೂ ಎಫ್‌ಎಂ ಕೇಂದ್ರದಲ್ಲಿ ಪ್ರಸಾರವಾಯಿತೆಂದರೆ, ಅದಕ್ಕಾಗಿ ಕೇಂದ್ರವು ತೆರುವ ಹಣದಲ್ಲಿ ಹಾಡಿದವರ ಪಾಲಿಗೆ ಬಿಡಿಗಾಸೂ ಇರುವುದಿಲ್ಲ. ಅಲ್ಲಿನ ಕಾನೂನು ಇರುವುದೇ ಹಾಗೆ. ಸಾಮಾನ್ಯ ರೇಡಿಯೊ ಕೇಂದ್ರಗಳು ಹಾಡನ್ನು ರಚಿಸಿದವರಿಗೆ ಮತ್ತು ಅದರ ಪ್ರಕಾಶಕರಿಗೆ ಹಣ ಕೊಡಬೇಕು; ಹಾಡಿದವರಿಗೆ ಕೊಡಬೇಕಾಗಿಲ್ಲ. ಈ ಹಾಡಿನ ಮಟ್ಟಿಗೆ ರಚಿಸಿದವರೂ ಪ್ರಕಾಶನದ ಹಕ್ಕನ್ನು ಹಿಡಿದವರೂ ಒಬ್ಬರೇ. ಟೆನೆಸಿ ರಾಜ್ಯದ ಗುಡ್ಡಗಾಡಿನಲ್ಲಿ ಒಂದೇ ಕೋಣೆಯ ಮನೆಯಲ್ಲಿ ಹುಟ್ಟಿದ ಡಾಲಿ ಪಾರ್ಟನ್ ಅವರು.

ಡಾಲಿ ಎಂದೊಡನೆ ಕಣ್ಣಿಗೆ ಬರುವುದು ಎತ್ತರದ ಹೊಂಬಣ್ಣದ ಟೋಪನ್, ಮಿಂಚುವ ಕಲ್ಲುಗಳ ಉಡುಪು, ಉದ್ದನೆಯ ಉಗುರು, ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಮಾತು. ಬಾಲ್ಯದಲ್ಲಿ ಊರವರು ನಡತೆಗೆಟ್ಟವಳೆಂದು ಜರೆಯುತ್ತಿದ್ದ ಒಬ್ಬ ಹೆಂಗಸಿನ ಸಿಂಗಾರವೇ ತಮಗೆ ಲೋಕದಲ್ಲೆಲ್ಲ ಚೆಲುವಾಗಿ ಕಂಡಿತ್ತು, ಅದನ್ನೇ ಅನುಸರಿಸಿದೆ ಎಂದು ಅವರು ಹಲವು ಸಲ ಹೇಳಿದ್ದಾರೆ. ಈ ವೇಷದ ಬಗ್ಗೆ ಬರೆದವರು ಬಹಳ ಮಂದಿ. ಆದರೆ ಅರುವತ್ತು ವರ್ಷಗಳಷ್ಟು ಉದ್ದದ ಅವರ ವೃತ್ತಿಜೀವನವನ್ನು ಅರ್ಥ ಮಾಡಿಕೊಳ್ಳಲು ವೇಷಕ್ಕಿಂತ ಕಾಗದಪತ್ರಗಳೇ ಹೆಚ್ಚು ನೆರವಾಗುತ್ತವೆ ಎಂಬುದು ನನ್ನ ಅಭಿಪ್ರಾಯ. ಸಾಹಿತ್ಯವನ್ನೂ ಧಾಟಿಯನ್ನೂ ತಾನೇ ಕಟ್ಟಿ ತಾನೇ ಹಾಡುವವರನ್ನು ನಾವು ವಾಗ್ಗೇಯಕಾರರು ಎನ್ನುತ್ತೇವೆ. ನಮ್ಮ ದಾಸರ ಪದಗಳಲ್ಲಿ ಕೊನೆಗೆ ಬರುವ ಅಂಕಿತವು ಪದ ಯಾರದೆಂದು ಸಾರುತ್ತದೆಯೇ ಹೊರತು, ಆ ಪದವನ್ನು ಹಾಡಿ ಯಾರಾದರೂ ಗಳಿಸಿದರೆ ಅದರಲ್ಲಿ ಪಾಲು ಕೇಳುವುದಿಲ್ಲ. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ವಾಗ್ಗೇಯಕಾರರ ಹಣೆಬರಹವನ್ನು ನಿರ್ಧರಿಸಿದ್ದು ಆ ಪಾಲಿನ ಪ್ರಶ್ನೆಯೇ.

ಡಾಲಿ ಹುಟ್ಟಿದ್ದು 1946ರ ಜನವರಿ 19ರಂದು, ಸ್ಮೋಕಿ ಪರ್ವತಗಳ ತಪ್ಪಲಿನ ಸೆವಿಯರ್ ಕೌಂಟಿಯಲ್ಲಿ, ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರಾಗಿ. ಹೆರಿಗೆ ಮಾಡಿಸಿದ ವೈದ್ಯರಿಗೆ ಕೊಡಲು ದುಡ್ಡಿಲ್ಲದೆ ತಂದೆ ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟರಂತೆ. ತಂದೆ ರಾಬರ್ಟ್ ಲೀ ಪಾರ್ಟನ್ ಅವರಿಗೆ ಓದು ಬರಹ ಬಾರದು. ಮೊದಮೊದಲು ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದು, ಮುಂದೆ ಸ್ವಂತದ ಸಣ್ಣ ಜಮೀನಿನಲ್ಲಿ ತಂಬಾಕು ಬೆಳೆದವರು. ಪಾಲಿಗೆ ಮಾಡುವುದೆಂದರೇನು ಎಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆವರು ಒಬ್ಬರದು, ಹೊಲ ಇನ್ನೊಬ್ಬರದು, ಸುಗ್ಗಿಯಲ್ಲಿ ರಾಶಿ ಎರಡಾಗುತ್ತದೆ. ತಾಯಿ ಏವಿ ಲೀ ಅವರ ಕಡೆಯವರೆಲ್ಲ ಹಾಡುಗಾರರು. ತಾತ ಚರ್ಚಿನ ಬೋಧಕರು. ಬ್ರಿಟನ್ ಮತ್ತು ಐರ್ಲೆಂಡಿನಿಂದ ಶತಮಾನಗಳ ಹಿಂದೆ ವಲಸೆ ಬಂದವರ ಜೊತೆಗೆ ಗುಡ್ಡ ಹತ್ತಿದ ಕಥನಗೀತೆಗಳು, ಕೊಲೆ, ವಿರಹ, ಬಸುರಿಯ ಸಾವು, ನೀರುಪಾಲಾದ ಹುಡುಗಿ ಇವನ್ನೆಲ್ಲ ಹೇಳುವ ಲಾವಣಿಗಳು, ಆ ತಾಯಿಯ ಬಾಯಲ್ಲಿದ್ದವು. ಡಾಲಿಯವರ ರಚನೆಗಳಲ್ಲಿ ಕಥೆ ಯಾಕೆ ಅಷ್ಟೊಂದು ಗಟ್ಟಿಯಾಗಿದೆ, ಸಾವು ಯಾಕೆ ಅಷ್ಟು ಸಲೀಸಾಗಿ ಒಳಬರುತ್ತದೆ ಎಂಬುದಕ್ಕೆ ಕಾರಣ ಇಲ್ಲಿದೆ.

ಕಂಟ್ರಿ ಸಂಗೀತ ಎಂಬ ಹೆಸರಿನಲ್ಲಿ ಮಾರಾಟವಾದದ್ದು ಈ ಗುಡ್ಡಗಾಡಿನ ಲಾವಣಿ, ಚರ್ಚಿನ ಭಜನೆ, ಆಫ್ರಿಕಾ ಮೂಲದ ಬ್ಯಾಂಜೊ, ಕಪ್ಪು ಜನರ ಬ್ಲೂಸ್, ಪಿಟೀಲು ಎಲ್ಲವೂ ಕಲೆತ ಒಂದು ಹದ. ಅದರ ವ್ಯಾಪಾರದ ಆರಂಭವನ್ನು ಸಾಮಾನ್ಯವಾಗಿ 1927ರ ಬೇಸಿಗೆಗೆ ಗುರುತಿಸುತ್ತಾರೆ. ಆ ವರ್ಷ ವಿಕ್ಟರ್ ರೆಕಾರ್ಡ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಎಂಬವರು ಟೆನೆಸಿ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿಗೆ ಧ್ವನಿಮುದ್ರಣದ ಯಂತ್ರ ಹೊತ್ತು ತಂದು, ಸುತ್ತಲಿನ ಹಾಡುಗಾರರನ್ನು ಕರೆದು ಹಾಡಿಸಿದರು. ಕಾರ್ಟರ್ ಕುಟುಂಬ, ಜಿಮ್ಮಿ ರಾಜರ್ಸ್ ಬೆಳಕಿಗೆ ಬಂದದ್ದು ಅಲ್ಲಿಯೇ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಪೀರ್ ಕಂಪನಿಯೊಡನೆ ಮಾಡಿಕೊಂಡಿದ್ದ ಒಪ್ಪಂದ. ತನಗೆ ಸಂಬಳ ಬೇಡ, ತಾನು ಮುದ್ರಿಸಿಕೊಂಡ ಹಾಡುಗಳ ಪ್ರಕಾಶನದ ಹಕ್ಕು ಸಾಕು ಎಂಬುದು ಅವರ ಷರತ್ತಿನ ತಿರುಳು. ಗ್ರಾಮಫೋನ್ ತಟ್ಟೆಯನ್ನು ಮಾರುವುದಕ್ಕಿಂತ ಹಾಡನ್ನು ಇಟ್ಟುಕೊಳ್ಳುವುದು ಲಾಭದ ಕೆಲಸವೆಂದು ಕಂಟ್ರಿ ಸಂಗೀತದ ಮೊದಲ ವರ್ತಕನಿಗೆ ಮೊದಲ ದಿನವೇ ತಿಳಿದಿತ್ತು. ಹಾಡುವವರಿಗೆ ತಿಳಿಯಲು ಇನ್ನೂ ಹಲವು ದಶಕ ಬೇಕಾದವು.

ಆ ಲೆಕ್ಕವನ್ನು ಇಲ್ಲಿ ಒಮ್ಮೆ ಬಿಡಿಸಿಕೊಳ್ಳುವುದು ಒಳ್ಳೆಯದು. ಒಂದು ಧ್ವನಿಮುದ್ರಿಕೆಯಲ್ಲಿ ಎರಡು ಆಸ್ತಿಗಳಿರುತ್ತವೆ. ಒಂದು, ಸಾಹಿತ್ಯ ಮತ್ತು ಧಾಟಿ ಸೇರಿದ ರಚನೆ. ಇನ್ನೊಂದು, ಒಂದು ದಿನ ಒಂದು ಸ್ಟುಡಿಯೊದಲ್ಲಿ ಒಬ್ಬರು ಅದನ್ನು ಹಾಡಿ ಮುದ್ರಿಸಿದ ನಿರ್ದಿಷ್ಟ ಧ್ವನಿಮುದ್ರಣ. ಎರಡನೆಯದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯ ಸ್ವತ್ತು. ಮೊದಲನೆಯದು ಬರೆದವರ ಸ್ವತ್ತಾಗಿ ಹುಟ್ಟುತ್ತದೆ, ಆದರೆ ಹಾಡನ್ನು ಗಾಯಕರಿಗೆ ತಲುಪಿಸುವ, ಹಣ ವಸೂಲು ಮಾಡುವ ಕೆಲಸಕ್ಕೆಂದು ಬರೆದವರು ಅದನ್ನು ಪ್ರಕಾಶಕರಿಗೆ ಒಪ್ಪಿಸುತ್ತಾರೆ. ಬಂದ ಹಣದಲ್ಲಿ ಅರ್ಧ ಬರೆದವರಿಗೆ, ಅರ್ಧ ಪ್ರಕಾಶಕರಿಗೆ ಎಂಬುದು ವಾಡಿಕೆ. 1909ರಿಂದ 1977ರ ಕೊನೆಯವರೆಗೆ ಅಮೆರಿಕದ ಕಾನೂನು ನಿಗದಿಪಡಿಸಿದ್ದ ದರ, ಮಾರಾಟವಾದ ಪ್ರತಿ ಪ್ರತಿಗೆ ಹಾಡೊಂದಕ್ಕೆ 2 ಸೆಂಟ್. ಹತ್ತು ಲಕ್ಷ ತಟ್ಟೆ ಮಾರಾಟವಾದರೆ 20,000 ಡಾಲರ್. ಅದರಲ್ಲಿ ಬರೆದವರಿಗೆ 10,000, ಪ್ರಕಾಶಕರಿಗೆ 10,000. ಇದರ ಜೊತೆಗೆ ರೇಡಿಯೊ, ಟಿವಿ, ಸಭಾಂಗಣಗಳಲ್ಲಿ ಹಾಡು ಕೇಳಿಸಿದಾಗಲೆಲ್ಲ ಬರುವ ಹಣ ಬೇರೆ. ಬರೆದವರೇ ಪ್ರಕಾಶಕರೂ ಆಗಿಬಿಟ್ಟರೆ ಎರಡೂ ಅರ್ಧಗಳು ಒಂದೇ ಮನೆಗೆ ಬರುತ್ತವೆ. ವಿಷಯ ಇಷ್ಟೇ, ಆದರೆ ಹಸಿದ ಹೊಟ್ಟೆಗೆ ನಾಳೆಯ ಅರ್ಧಕ್ಕಿಂತ ಇವತ್ತಿನ ನೋಟು ದೊಡ್ಡದು. ಡಾಲಿಯವರಷ್ಟೇ ದೊಡ್ಡ ಹೆಸರಾದ ವಿಲ್ಲಿ ನೆಲ್ಸನ್ ತಮ್ಮ ಬಡತನದ ದಿನಗಳಲ್ಲಿ ‘ಫ್ಯಾಮಿಲಿ ಬೈಬಲ್’ ಎಂಬ ಹಾಡನ್ನು 50 ಡಾಲರಿಗೆ ಮಾರಿಬಿಟ್ಟಿದ್ದರು. 1960ರಲ್ಲಿ ಅದು ಬೇರೊಬ್ಬರ ದನಿಯಲ್ಲಿ ಜನಪ್ರಿಯವಾಯಿತು.

ಡಾಲಿಯವರ ಕೈಗೆ ಮೊದಲ ಸರಿಯಾದ ಗಿಟಾರ್ ಕೊಟ್ಟವರು ಸೋದರಮಾವ ಬಿಲ್ ಓವೆನ್ಸ್. ಆಗ ಹುಡುಗಿಗೆ ಎಂಟು ವರ್ಷ. ಹತ್ತನೆಯ ವಯಸ್ಸಿಗೆ ನಾಕ್ಸ್‌ವಿಲ್ ನಗರದಲ್ಲಿ ಕ್ಯಾಸ್ ವಾಕರ್ ಎಂಬ ಅಂಗಡಿ ಮಾಲೀಕರು ನಡೆಸುತ್ತಿದ್ದ ರೇಡಿಯೊ ಮತ್ತು ಟಿವಿ ಕಾರ್ಯಕ್ರಮಗಳಲ್ಲಿ ಹಾಡಿ ದುಡಿಯತೊಡಗಿದ್ದಳು. ಅಜ್ಜಿಯ ಜೊತೆ ಬಸ್ಸಿನಲ್ಲಿ ಲೂಸಿಯಾನದ ಲೇಕ್ ಚಾರ್ಲ್ಸ್‌ವರೆಗೆ ಹೋಗಿ ಮುದ್ರಿಸಿದ ಮೊದಲ ತಟ್ಟೆ 1959ರಲ್ಲಿ ಬಿಡುಗಡೆಯಾಯಿತು. ಅದೇ ಸುಮಾರಿಗೆ, ಹದಿಮೂರನೆಯ ವಯಸ್ಸಿನಲ್ಲಿ, ಕಂಟ್ರಿ ಸಂಗೀತದ ದೊಡ್ಡ ವೇದಿಕೆಯಾದ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಜಾನಿ ಕ್ಯಾಶ್ ಅವರು ಈ ಹುಡುಗಿಯನ್ನು ಸಭೆಗೆ ಪರಿಚಯಿಸಿದರು. 1964ರಲ್ಲಿ, ತಮ್ಮ ಮನೆತನದಲ್ಲೇ ಮೊದಲಿಗರಾಗಿ ಹೈಸ್ಕೂಲು ಮುಗಿಸಿದ ಮರುದಿನವೇ ಡಾಲಿ ನ್ಯಾಶ್‌ವಿಲ್ ಬಸ್ಸು ಹತ್ತಿದರು. ಊರಿನಿಂದ ತಂದಿದ್ದ ಕೊಳೆಬಟ್ಟೆ ಒಗೆಯಲು ಆ ದಿನವೇ ಲಾಂಡ್ರಿಗೆ ಹೋದಾಗ ಬಾಗಿಲ ಬಳಿ ಮಾತಿಗೆ ಸಿಕ್ಕ ಯುವಕ ಕಾರ್ಲ್ ಡೀನ್. 1966ರಲ್ಲಿ ಇಬ್ಬರ ಮದುವೆಯಾಯಿತು. ಹೆಂಡತಿಯ ಪ್ರಪಂಚದ ದೀಪಗಳಿಂದ ದೂರವೇ ಉಳಿದು, ರಸ್ತೆಗೆ ಡಾಂಬರು ಹಾಕುವ ಗುತ್ತಿಗೆ ಮಾಡಿಕೊಂಡಿದ್ದ ಅವರು 2025ರ ಮಾರ್ಚ್‌ನಲ್ಲಿ ತೀರಿಕೊಂಡರು.

ನ್ಯಾಶ್‌ವಿಲ್ ಅವರನ್ನು ಮೊದಲು ಗುರುತಿಸಿದ್ದು ಗಾಯಕಿಯಾಗಿ ಅಲ್ಲ, ಹಾಡು ಬರೆಯುವವರಾಗಿ. ಮಾನ್ಯುಮೆಂಟ್ ಎಂಬ ರೆಕಾರ್ಡ್ ಕಂಪನಿ ಅವರನ್ನು ಸೇರಿಸಿಕೊಂಡರೂ, ಈ ಎಳೆಯ ದನಿ ಕಂಟ್ರಿಗೆ ಒಗ್ಗದೆಂದು ಪಾಪ್ ಹಾಡುಗಳನ್ನು ಹಾಡಿಸಿ ನೋಡಿತು, ಕೈಗೂಡಲಿಲ್ಲ. ಅಷ್ಟರಲ್ಲಿ ಅವರು ಮತ್ತು ಮಾವ ಬಿಲ್ ಸೇರಿ ಬರೆದ ಒಂದು ಹಾಡನ್ನು 1966ರಲ್ಲಿ ಬಿಲ್ ಫಿಲಿಪ್ಸ್ ಎಂಬ ಗಾಯಕರು ಹಾಡಿ ಕಂಟ್ರಿ ಪಟ್ಟಿಯ ಮೊದಲ ಹತ್ತರೊಳಗೆ ತಂದಾಗ, ಕಂಪನಿಯವರು ಮನಸ್ಸು ಬದಲಿಸಿದರು. ಮಾವ ಸೊಸೆ ಸೇರಿ ‘ಓವ್‌ಪಾರ್’ ಎಂಬ ಪ್ರಕಾಶನ ಕಂಪನಿಯನ್ನು ತೆರೆದದ್ದೂ ಆ ದಿನಗಳಲ್ಲೇ. ಓವೆನ್ಸ್ ಮತ್ತು ಪಾರ್ಟನ್, ಇಬ್ಬರ ಹೆಸರಿನ ತುಣುಕುಗಳು. ಸ್ವಂತ ಜನಪ್ರಿಯ ತಟ್ಟೆಯೊಂದೂ ಇಲ್ಲದ, ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಪ್ರಕಾಶನ ಕಂಪನಿಯ ಪಾಲುದಾರಳಾಗಿದ್ದಳು ಎಂಬುದನ್ನು ಅವರ ಬದುಕಿನ ಕಥೆ ಹೇಳುವವರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಮುಂದಿನ ಎಲ್ಲದರ ಬೀಗದಕೈ ಅಲ್ಲೇ ಇದೆ ಎನ್ನಿಸುತ್ತದೆ.

1967ರಲ್ಲಿ ಕಂಟ್ರಿ ಗಾಯಕ ಪೋರ್ಟರ್ ವ್ಯಾಗನರ್ ತಮ್ಮ ಟಿವಿ ಕಾರ್ಯಕ್ರಮಕ್ಕೆ ಡಾಲಿಯವರನ್ನು ಕರೆದರು. ನೂರಕ್ಕೂ ಹೆಚ್ಚು ಕೇಂದ್ರಗಳಲ್ಲಿ ಬರುತ್ತಿದ್ದ ಆ ಕಾರ್ಯಕ್ರಮದಲ್ಲಿ ಅದಕ್ಕೂ ಮುಂಚೆ ಹಾಡುತ್ತಿದ್ದ ನಾರ್ಮಾ ಜೀನ್ ಅವರೇ ಬೇಕೆಂದು ಪ್ರೇಕ್ಷಕರು ಕೂಗುತ್ತಿದ್ದರಂತೆ. ಜನ ಒಗ್ಗಲಿ ಎಂದು ವ್ಯಾಗನರ್ ಅವರೇ ಜೊತೆಗೆ ನಿಂತು ಯುಗಳಗೀತೆ ಹಾಡಿದರು, ಉಪಾಯ ಫಲಿಸಿತು. ಆರ್‌ಸಿಎ ರೆಕಾರ್ಡ್ ಕಂಪನಿಗೆ ಶಿಫಾರಸು ಮಾಡಿದವರೂ ಅವರೇ. ವರ್ಷಕ್ಕೆ 60,000 ಡಾಲರ್ ಸಂಬಳ ಆ ಕಾಲಕ್ಕೆ ದೊಡ್ಡ ಮೊತ್ತ. ಐದು ವರ್ಷ ಇರುತ್ತೇನೆಂದು ಬಂದ ಡಾಲಿ ಏಳು ವರ್ಷ ಇದ್ದರು. ಅವರ ಅತ್ಯುತ್ತಮ ರಚನೆಗಳಲ್ಲಿ ಹಲವು ಆ ಏಳು ವರ್ಷಗಳಲ್ಲಿ, ಊರಿಂದೂರಿಗೆ ಓಡುವ ಬಸ್ಸಿನಲ್ಲಿ ಹುಟ್ಟಿದವು.

ಅಂಥದೊಂದನ್ನು ಹತ್ತಿರದಿಂದ ನೋಡಬಹುದು. 1969ರಲ್ಲಿ ಬಸ್ಸಿನಲ್ಲಿ ಹೊರಟಿದ್ದಾಗ ಸಾಲುಗಳು ಹೊಳೆದವು, ಬರೆಯಲು ಕಾಗದವಿರಲಿಲ್ಲ. ವ್ಯಾಗನರ್ ಅವರ ಸೂಟುಗಳು ಡ್ರೈಕ್ಲೀನಿಂಗಿನಿಂದ ಬಂದಿದ್ದವು, ಅವಕ್ಕೆ ರಸೀದಿ ಸಿಕ್ಕಿಸಿತ್ತು. ಆ ರಸೀದಿಯ ಬೆನ್ನಿನ ಮೇಲೆ ಡಾಲಿ ಬರೆದದ್ದು ‘ಕೋಟ್ ಆಫ್ ಮೆನಿ ಕಲರ್ಸ್’. ಚಳಿಗಾಲಕ್ಕೆ ಮಗಳಿಗೆ ಕೋಟಿಲ್ಲ. ಯಾರೋ ಕೊಟ್ಟ ಚಿಂದಿಬಟ್ಟೆಗಳಿವೆ. ನಮ್ಮ ಅಜ್ಜಿಯಂದಿರು ಕೌದಿ ಹೊಲಿದಂತೆ ತಾಯಿ ಆ ತುಂಡುಗಳನ್ನು ಕೂಡಿಸಿ ಕೋಟು ಹೊಲಿಯುತ್ತಾಳೆ, ಹೊಲಿಯುತ್ತ ಬೈಬಲಿನ ಯೋಸೇಫನ ಬಣ್ಣದ ಅಂಗಿಯ ಕಥೆ ಹೇಳುತ್ತಾಳೆ. ಮಗಳು ಹೆಮ್ಮೆಯಿಂದ ತೊಟ್ಟು ಶಾಲೆಗೆ ಹೋದರೆ ಮಕ್ಕಳು ನಗುತ್ತಾರೆ. ಹಾಡಿನಲ್ಲಿ ಅಳುವಿಲ್ಲ, ದೂರಿಲ್ಲ. ಈ ಕೋಟಿನ ಪ್ರತಿ ಹೊಲಿಗೆಯಲ್ಲೂ ಅಕ್ಕರೆ ಇದೆಯೆಂದು ಆ ಮಗು ಅವರಿಗೆ ವಿವರಿಸಲು ನೋಡುತ್ತದೆ, ಅವರಿಗೆ ಅರ್ಥವಾಗುವುದಿಲ್ಲ. ನಿಜವಾಗಿ ನಡೆದ ಘಟನೆಯಿದು. 1971ರಲ್ಲಿ ತಟ್ಟೆ ಬಂದ ಮೇಲೆ ವ್ಯಾಗನರ್ ಆ ರಸೀದಿಗೆ ಕಟ್ಟು ಹಾಕಿಸಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ಈ ಧ್ವನಿಮುದ್ರಣವನ್ನು ಕಾಪಿಡಬೇಕಾದ ರಾಷ್ಟ್ರೀಯ ಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿತು.

1973ರ ಕೊನೆಯಲ್ಲಿ ಬಂದ ‘ಜೋಲೀನ್’ ಕಟ್ಟುವಿಕೆಯಲ್ಲಿ ಇನ್ನೊಂದು ಬಗೆಯದು. ವೇದಿಕೆಯ ಬಳಿ ಹಸ್ತಾಕ್ಷರ ಕೇಳಲು ಬಂದ ಕೆಂಗೂದಲಿನ ಪುಟ್ಟ ಹುಡುಗಿಯಿಂದ ಹೆಸರು ಸಿಕ್ಕಿತು, ಗಂಡನೊಡನೆ ಸಲುಗೆಯಿಂದ ಮಾತಾಡುತ್ತಿದ್ದ ಬ್ಯಾಂಕಿನ ಗುಮಾಸ್ತೆಯಿಂದ ಕಥೆ ಸಿಕ್ಕಿತು. ಹಾಡಿನ ಪಲ್ಲವಿಯೆಂದರೆ ಆ ಹೆಸರನ್ನೇ ನಾಲ್ಕು ಬಾರಿ ಕರೆಯುವುದು, ಒಂದೊಂದು ಸಲವೂ ಒಂದಿಷ್ಟು ಮೇಲೇರಿ. ಗಂಡನನ್ನು ಸೆಳೆಯಬಲ್ಲ ಚೆಲುವೆಯನ್ನು ಹೆಂಡತಿಯು ಬೈಯುವುದಿಲ್ಲ. ಅವಳ ಕೂದಲು, ಮೈಬಣ್ಣ, ನಗು, ದನಿಯನ್ನು ಮೆಚ್ಚಿ ಹೊಗಳಿ, ನಿನಗೆ ಯಾರಾದರೂ ಸಿಕ್ಕಾರು, ನನಗೆ ಇವನೊಬ್ಬನೇ ಎಂದು ಬೇಡಿಕೊಳ್ಳುತ್ತಾಳೆ. ಬಹುಪಾಲು ಕಂಟ್ರಿ ಹಾಡುಗಳು ಉಲ್ಲಾಸದ ಮೇಜರ್ ಸ್ವರಶ್ರೇಣಿಯಲ್ಲಿದ್ದರೆ ಇದು ಮೈನರಿನಲ್ಲಿದೆ, ಗುಡ್ಡಗಾಡಿನ ಹಳೆಯ ಲಾವಣಿಗಳಂತೆ. ಅದರಡಿಯಲ್ಲಿ ಗಿಟಾರಿನ ತಂತಿ ಮೀಟುವ ಬೆರಳು ನಿಲ್ಲದೆ ಓಡುತ್ತದೆ. ಎರಡೂವರೆ ನಿಮಿಷದಲ್ಲಿ ಹಾಡು ಮುಗಿಯುತ್ತದೆ, ಜೋಲೀನ್ ಏನು ಉತ್ತರ ಕೊಟ್ಟಳೆಂದು ತಿಳಿಯುವುದೇ ಇಲ್ಲ. 2024ರಲ್ಲಿ ಬಿಯಾನ್ಸೆ ಅವರು ಹಾಡಿದಾಗ ಬೇಡಿಕೆಯನ್ನು ಎಚ್ಚರಿಕೆಯ ಮಾತಾಗಿ ಬದಲಿಸಿದರು. ಅದು ಬೇರೆಯೇ ಹಾಡಾಯಿತು.

ವ್ಯಾಗನರ್ ಅವರ ನೆರಳಿನಿಂದ ಹೊರಬರಬೇಕೆಂದು ಡಾಲಿಯವರಿಗೆ ಅನ್ನಿಸಿ ಬಹಳ ದಿನವಾಗಿತ್ತು. ಮಾತಿಗೆ ಕೂತರೆ ಜಗಳ. ಆಡಿದರೆ ಕೇಳದವರಿಗೆ ಹಾಡಿ ಹೇಳುವುದೆಂದು ಒಂದು ರಾತ್ರಿ ಮನೆಯಲ್ಲಿ ಕೂತು ಹಾಡು ಬರೆದರು, ಮರುದಿನ ಅವರ ಕಚೇರಿಯಲ್ಲಿ ಎದುರಿಗೆ ಕೂತು ಹಾಡಿದರು. ನಾನಿದ್ದರೆ ನಿಮ್ಮ ದಾರಿಗೆ ಅಡ್ಡಿ, ಆದ್ದರಿಂದ ಹೊರಡುತ್ತೇನೆ, ಪ್ರೀತಿಯಂತೂ ಯಾವತ್ತೂ ಇರುತ್ತದೆ ಎಂಬಷ್ಟೇ ಅದರ ಅರ್ಥ. ವ್ಯಾಗನರ್ ಅತ್ತರು, ಹೋಗು, ಆದರೆ ಈ ಹಾಡಿನ ಧ್ವನಿಮುದ್ರಣ ನಾನೇ ಮಾಡಿಸುತ್ತೇನೆ ಎಂದರು ಎಂದು ಡಾಲಿ ನೆನಪಿಸಿಕೊಳ್ಳುತ್ತಾರೆ. ಲೋಕವೇ ಪ್ರೇಮಗೀತೆಯೆಂದು ಭಾವಿಸಿರುವ ‘ಐ ವಿಲ್ ಆಲ್ವೇಸ್ ಲವ್ ಯೂ’ ಮೂಲದಲ್ಲಿ ಕೆಲಸಕ್ಕೆ ಕೊಟ್ಟ ರಾಜೀನಾಮೆಪತ್ರ. 1973ರ ಜೂನ್‌ನಲ್ಲಿ ಮುದ್ರಣವಾಗಿ, 1974ರಲ್ಲಿ ಕಂಟ್ರಿ ಪಟ್ಟಿಯ ತುದಿಗೇರಿತು.

ರಾಕ್ ಅಂಡ್ ರೋಲ್‌ನ ರಾಜನೆನ್ನಿಸಿದ್ದ ಎಲ್ವಿಸ್ ಪ್ರೆಸ್ಲಿ ಆ ಹಾಡನ್ನು ಮೆಚ್ಚಿ ತಾವೂ ಹಾಡಬೇಕೆಂದು ಬಯಸಿದರು. ಡಾಲಿಯವರ ಸಂತೋಷ ಎಷ್ಟಿದ್ದಿರಬೇಕು, ಊಹಿಸಬಹುದು. ಧ್ವನಿಮುದ್ರಣಕ್ಕೆ ಮುನ್ನ ಎಲ್ವಿಸ್ ಅವರ ವ್ಯವಸ್ಥಾಪಕ ಕರ್ನಲ್ ಟಾಮ್ ಪಾರ್ಕರ್ ಫೋನು ಮಾಡಿ, ಎಲ್ವಿಸ್ ಹಾಡುವ ಹಾಡುಗಳ ಪ್ರಕಾಶನ ಹಕ್ಕಿನಲ್ಲಿ ಅರ್ಧ ತಮಗೆ ಬರಬೇಕೆಂಬುದು ನಮ್ಮ ನಿಯಮ ಎಂದರು. ಡಾಲಿ ಒಪ್ಪಲಿಲ್ಲ. ರಾತ್ರಿಯಿಡೀ ಅತ್ತೆ, ಆದರೆ ಒಪ್ಪಲಿಲ್ಲ ಎಂದು ಅವರು ಹೇಳಿದ್ದಾರೆ. ಇಲ್ಲೊಂದು ಸೂಕ್ಷ್ಮವಿದೆ. ಒಮ್ಮೆ ಬಿಡುಗಡೆಯಾದ ಹಾಡನ್ನು ನಿಗದಿತ ದರ ತೆತ್ತು ಯಾರು ಬೇಕಾದರೂ ಮತ್ತೆ ಹಾಡಿ ಮುದ್ರಿಸಲು ಅಮೆರಿಕದ ಕಾನೂನು ಅವಕಾಶ ಕೊಡುತ್ತದೆ, ಬರೆದವರ ಅಪ್ಪಣೆ ಬೇಕಿಲ್ಲ. ಅಂದರೆ ಎಲ್ವಿಸ್ ಹಾಡಲು ಕಾನೂನಿನ ಅಡ್ಡಿ ಏನೂ ಇರಲಿಲ್ಲ. ಅಡ್ಡಿಯಾದದ್ದು ಅವರದೇ ಪಾಳೆಯದ ವ್ಯಾಪಾರದ ಪದ್ಧತಿ. ರಾಜನ ಬಾಯಲ್ಲಿ ಹಾಡು ಬಂದರೆ ಸಾಕೆಂದು ಅರ್ಧ ಬಿಟ್ಟುಕೊಟ್ಟವರು ಆ ಕಾಲದಲ್ಲಿ ಬೇಕಾದಷ್ಟು ಜನ, ಅವರನ್ನು ಮೂರ್ಖರೆನ್ನಲೂ ಆಗದು, ಏಕೆಂದರೆ ಎಲ್ವಿಸ್ ಹಾಡಿದರೆ ಉಳಿದ ಅರ್ಧವೇ ಬೇರೆಯವರ ಪೂರ್ತಿಗಿಂತ ದೊಡ್ಡದಾಗುತ್ತಿತ್ತು. ಆಗಿನ ಲೆಕ್ಕದಲ್ಲಿ ಡಾಲಿಯವರದು ನಷ್ಟದ ತೀರ್ಮಾನ. ಆದರೆ ರಾಶಿ ಎರಡಾಗುವುದನ್ನು ತಂದೆಯ ಬದುಕಿನಲ್ಲಿ ಕಂಡವರಿಗೆ ಹೊಲ ಬಿಡುವುದೆಂದರೆ ಏನೆಂದು ಗೊತ್ತಿತ್ತು ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ. ‘ಉಳುವವನೇ ಹೊಲದೊಡೆಯ’ ಎಂಬ ಮಾತು ನಮ್ಮ ರಾಜ್ಯದಲ್ಲಿ ಕಾನೂನಾಗಿ ಜಾರಿಗೆ ಬಂದದ್ದೂ 1974ರಲ್ಲೇ ಎಂಬುದು ಬರಿಯ ಕಾಕತಾಳೀಯ. ವಿಚ್ಛೇದನದ ದಿನ ಕೋರ್ಟಿನ ಮೆಟ್ಟಿಲಿಳಿಯುವಾಗ ಎಲ್ವಿಸ್ ತಮಗೆ ಆ ಹಾಡನ್ನು ಹಾಡಿದ್ದರೆಂದು ಪ್ರಿಸಿಲ್ಲಾ ಪ್ರೆಸ್ಲಿ ಎಷ್ಟೋ ವರ್ಷಗಳ ನಂತರ ತಿಳಿಸಿದ್ದನ್ನು ಡಾಲಿ ಹೇಳಿಕೊಂಡಿದ್ದಾರೆ.

ವ್ಯಾಗನರ್ ಅವರನ್ನು ಬಿಟ್ಟ ಮೇಲೆ ಡಾಲಿ ಲಾಸ್ ಏಂಜಲೀಸ್‌ನ ವ್ಯವಸ್ಥಾಪಕರನ್ನು ನೇಮಿಸಿಕೊಂಡು ಪಾಪ್ ಮಾರುಕಟ್ಟೆಗೆ ಕಾಲಿಟ್ಟರು. 1977ರ ‘ಹಿಯರ್ ಯೂ ಕಮ್ ಅಗೇನ್’ ಪಾಪ್ ಪಟ್ಟಿಯಲ್ಲಿ ಮೂರನೆಯ ಸ್ಥಾನದವರೆಗೆ ಹೋಯಿತು. ಆ ಹಾಡು ಬೇರೆಯವರ ರಚನೆ. ಊರಿನವರು ತಮ್ಮನ್ನು ಕೈಬಿಟ್ಟಳೆಂದುಕೊಂಡಾರು ಎಂಬ ಅಳುಕಿನಿಂದ, ಕಂಟ್ರಿಯ ಗುರುತೇ ಆಗಿರುವ, ಜಾರಿ ಜಾರಿ ನಡೆಯುವ ನಾದದ ಸ್ಟೀಲ್ ಗಿಟಾರನ್ನು ಅದರಲ್ಲಿ ಸೇರಿಸಲೇಬೇಕೆಂದು ಅವರು ಪಟ್ಟುಹಿಡಿದರು. ನ್ಯಾಶ್‌ವಿಲ್‌ನಲ್ಲಿ ಗೊಣಗಾಟ ಎದ್ದರೂ ಮರುವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ವರ್ಷದ ಕಲಾವಿದೆಯೆಂದು ಅವರನ್ನೇ ಆರಿಸಿತು. ಇತ್ತ, ಒಪ್ಪಂದ ಮುರಿದರೆಂದು ವ್ಯಾಗನರ್ 1979ರಲ್ಲಿ 30 ಲಕ್ಷ ಡಾಲರಿಗೆ ದಾವೆ ಹೂಡಿದರು. ನ್ಯಾಯಾಲಯದ ಹೊರಗೆ ರಾಜಿಯಾಗಿ, ಡಾಲಿ ವರ್ಷಗಟ್ಟಲೆ ಕಂತು ಕಟ್ಟಿದರು. ಬಿಡುಗಡೆಯ ಹಾಡಿಗೂ ಬಿಡುಗಡೆಯ ಬೆಲೆಗೂ ಹೀಗೆ ಐದು ವರ್ಷ ಅಂತರ. 2007ರಲ್ಲಿ ವ್ಯಾಗನರ್ ಅವರ ಆಪ್ರಿ ಸೇವೆಗೆ ಐವತ್ತು ತುಂಬಿದಾಗ ಡಾಲಿ ಬಂದು ಅದೇ ಹಾಡನ್ನು ಅವರೆದುರು ಹಾಡಿದರು. ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡರು.

1980ರ ‘ನೈನ್ ಟು ಫೈವ್’ ಸಿನಿಮಾದಲ್ಲಿ ಜೇನ್ ಫೊಂಡಾ, ಲಿಲಿ ಟಾಮ್ಲಿನ್ ಅವರೊಡನೆ ನಟಿಸಿದರು. ಕಚೇರಿಗಳಲ್ಲಿ ದುಡಿಯುವ ಹೆಂಗಸರ ಕಥೆ. ಚಿತ್ರೀಕರಣದ ಬಿಡುವಿನಲ್ಲಿ ಶೀರ್ಷಿಕೆ ಗೀತೆ ಬರೆಯುವಾಗ ವಾದ್ಯವಿರಲಿಲ್ಲ, ತಮ್ಮ ಉದ್ದನೆಯ ಕೃತಕ ಉಗುರುಗಳನ್ನು ಒಂದಕ್ಕೊಂದು ಉಜ್ಜಿದರೆ ಟೈಪ್‌ರೈಟರಿನ ಸದ್ದು ಬರುವುದು ಗಮನಕ್ಕೆ ಬಂತು. ಅದೇ ತಾಳವಾಯಿತು; ಧ್ವನಿಮುದ್ರಣದಲ್ಲೂ ಆ ಉಗುರುಗಳ ಸದ್ದಿದೆ. ಬೆಳಿಗ್ಗೆ ಎದ್ದು ಒಂದು ಬಟ್ಟಲು ಮಹತ್ವಾಕಾಂಕ್ಷೆ ಸುರಿದುಕೊಳ್ಳುವ, ಮೇಲಿನವರು ತನ್ನ ಯೋಚನೆಗಳನ್ನು ಬಳಸಿಕೊಂಡು ಹೆಸರು ತಾವು ಪಡೆಯುತ್ತಾರೆಂದು ಗೊಣಗುವ ಆ ಹಾಡು 1981ರಲ್ಲಿ ಪಾಪ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು.

‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡನ್ನು ಡಾಲಿ 1982ರಲ್ಲಿ ಒಂದು ಸಿನಿಮಾಕ್ಕಾಗಿ ಮತ್ತೆ ಹಾಡಿದಾಗ ಅದು ಎರಡನೆಯ ಸಲ ಕಂಟ್ರಿ ಪಟ್ಟಿಯ ತುದಿಗೇರಿತು. ಹತ್ತು ವರ್ಷಗಳ ನಂತರ ‘ದಿ ಬಾಡಿಗಾರ್ಡ್’ ಸಿನಿಮಾಕ್ಕೆ ಅದರ ನಾಯಕನಟ ಕೆವಿನ್ ಕಾಸ್ಟ್ನರ್ ಇದನ್ನು ಸೂಚಿಸಿದರು. ಧ್ವನಿಮುದ್ರಣದ ನಿರ್ಮಾಪಕ ಡೇವಿಡ್ ಫಾಸ್ಟರ್ ಅವರ ಕೈಗೆ ಸಿಕ್ಕಿದ್ದು ಲಿಂಡಾ ರಾನ್‌ಸ್ಟಾಟ್ 1975ರಲ್ಲಿ ಹಾಡಿದ ಆವೃತ್ತಿ; ಅದರಲ್ಲಿ ಕೊನೆಯ ಚರಣವಿರಲಿಲ್ಲ. ಅದಿಲ್ಲದಿದ್ದರೆ ಹಾಡೇ ಅಲ್ಲವೆಂದು ಡಾಲಿ ಫೋನಿನಲ್ಲಿ ಆ ಸಾಲುಗಳನ್ನು ಹೇಳಿ ಬರೆಸಿದರು. ಡಾಲಿಯವರ ಮೂಲದಲ್ಲಿ ಆ ಚರಣ ಹಾಡಲ್ಲ, ಮಾತು. ಬೀಳ್ಕೊಡುವವರು ಬಾಗಿಲಲ್ಲಿ ನಿಂತು ಹಾರೈಸುವ ಹಾಗೆ. ವಿಟ್ನಿ ಅವರು ವಾದ್ಯಗಳೇ ಇಲ್ಲದೆ ಆರಂಭಿಸಿ, ಆ ಕೊನೆಯ ಚರಣದ ನಂತರ ಒಂದು ಕ್ಷಣ ಮೌನ ಬಿಟ್ಟು, ಸ್ವರಸ್ಥಾನವನ್ನೇ ಮೇಲಕ್ಕೇರಿಸಿ ಹಾಡನ್ನು ಸಿಡಿಸಿದರು. ಎರಡರಲ್ಲಿ ಯಾವುದು ಮೇಲೆಂಬ ವಾದ ನಿಂತಿಲ್ಲ. ಹೊರಡುವವಳ ಸಂಕೋಚ ಕೇಳಬೇಕಾದರೆ ಮೂಲವೇ ಬೇಕು ಎಂಬುದು ನನ್ನ ಪಕ್ಷಪಾತ. ಕಾರು ಓಡಿಸುತ್ತಿದ್ದಾಗ ರೇಡಿಯೊದಲ್ಲಿ ಮೊದಲ ಸಲ ವಿಟ್ನಿ ದನಿ ಕೇಳಿ, ಅದು ತನ್ನ ಹಾಡೆಂದು ತಿಳಿದಾಗ ಅಪಘಾತ ಮಾಡಿಕೊಳ್ಳುವಷ್ಟು ದಿಗ್ಭ್ರಮೆಗೊಂಡು ಗಾಡಿ ಬದಿಗೆ ನಿಲ್ಲಿಸಿದೆ ಎನ್ನುತ್ತಾರೆ ಡಾಲಿ. ಹಾಡು ಅಮೆರಿಕದ ಪಾಪ್ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿ ನಿಂತಿತು, ಸಿನಿಮಾದ ಆಲ್ಬಂ ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. 1990ರ ದಶಕದಲ್ಲಿ ಈ ಒಂದು ಹಾಡಿನ ರಾಯಲ್ಟಿಯಿಂದ ಡಾಲಿಯವರಿಗೆ ಸುಮಾರು ಒಂದು ಕೋಟಿ ಡಾಲರ್ ಬಂತೆಂದು ಫೋರ್ಬ್ಸ್ ಪತ್ರಿಕೆ ಅಂದಾಜಿಸಿದೆ. ಆ ಹಣದಲ್ಲಿ ಒಂದಂಶವನ್ನು ನ್ಯಾಶ್‌ವಿಲ್‌ನಲ್ಲಿ ಕಪ್ಪು ಜನರು ಹೆಚ್ಚಾಗಿ ವಾಸಿಸುವ ಬಡಾವಣೆಯೊಂದರಲ್ಲಿ ಕಟ್ಟಡಗಳ ಸಮುಚ್ಚಯ ಕೊಳ್ಳಲು ಹಾಕಿದರು. ಅದನ್ನು ವಿಟ್ನಿ ಕಟ್ಟಿದ ಮನೆಯೆಂದೇ ಭಾವಿಸುವುದಾಗಿ 2021ರಲ್ಲಿ ಹೇಳಿದರು.

ಇದೇ ಲೆಕ್ಕ ನಮ್ಮಲ್ಲಿ ಹೇಗೆಂದು ಓದುಗರು ಕೇಳಬಹುದು. ಭಾರತದಲ್ಲಿ ಬಹುಕಾಲ ಚಿತ್ರಗೀತೆಯ ಹಕ್ಕು ಪೂರ್ತಿಯಾಗಿ ನಿರ್ಮಾಪಕರದೇ ಆಗಿತ್ತು. 1977ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪೂ ಅದನ್ನೇ ಎತ್ತಿಹಿಡಿಯಿತು. ಸಾಹಿತಿಯೂ ಸಂಗೀತ ನಿರ್ದೇಶಕರೂ ಒಂದು ಸಲ ಸಂಭಾವನೆ ಪಡೆದರೆ ಮುಗಿಯಿತು. 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಇದನ್ನು ಬದಲಿಸಿ, ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಬೇರೆ ಬಳಕೆಗಳಲ್ಲಿ ಬರುವ ರಾಯಲ್ಟಿಯ ಪಾಲನ್ನು ಸಾಹಿತಿ ಮತ್ತು ಸಂಯೋಜಕರು ತಾವೇ ಬಯಸಿದರೂ ಬರೆದುಕೊಡಲಾಗದಂತೆ ಮಾಡಿತು. ಪಾರ್ಕರ್ ಅವರ ಫೋನಿಗೆ ಇಲ್ಲವೆನ್ನುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲವೆಂದು ಒಪ್ಪಿಕೊಂಡ ಕಾನೂನದು.

ಹಾಡಿನಿಂದ ಬಂದದ್ದು ಎಲ್ಲಿಗೆ ಹೋಯಿತೆಂಬುದು ಡಾಲಿಯವರ ವೃತ್ತಿಯ ಉತ್ತರಾರ್ಧ. 1986ರಲ್ಲಿ, ಹುಟ್ಟೂರಿನ ಪಕ್ಕದ ಪಿಜನ್ ಫೋರ್ಜ್‌ನಲ್ಲಿದ್ದ ಮನೋರಂಜನಾ ಉದ್ಯಾನವೊಂದರಲ್ಲಿ ಪಾಲುದಾರರಾಗಿ, ಅದಕ್ಕೆ ಡಾಲಿವುಡ್ ಎಂಬ ಹೆಸರಿಟ್ಟರು. ಒಂದು ಕಾಲಕ್ಕೆ ಕೂಲಿಗಾಗಿ ಜನ ಊರು ಬಿಡುತ್ತಿದ್ದ ಕೌಂಟಿಯಲ್ಲಿ ಅದೀಗ ಅತಿ ಹೆಚ್ಚು ಜನರಿಗೆ ಕೆಲಸ ಕೊಡುವ ಸಂಸ್ಥೆ. 1995ರಲ್ಲಿ ಆರಂಭಿಸಿದ ಇಮ್ಯಾಜಿನೇಷನ್ ಲೈಬ್ರರಿಯು ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ತಿಂಗಳಿಗೊಂದು ಪುಸ್ತಕವನ್ನು ಅಂಚೆಯಲ್ಲಿ ಉಚಿತವಾಗಿ ಕಳಿಸುತ್ತದೆ. ಮೊದಲು ಸೆವಿಯರ್ ಕೌಂಟಿಗಷ್ಟೇ ಇದ್ದದ್ದು ಅಮೆರಿಕದ ಆಚೆಗೆ ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಐರ್ಲೆಂಡಿಗೂ ಹಬ್ಬಿ, ಪುಸ್ತಕಗಳ ಸಂಖ್ಯೆ 20 ಕೋಟಿ ದಾಟಿದೆ. ಓದಲು ಬಾರದ ತಂದೆಯ ನೋವೇ ಇದಕ್ಕೆ ಪ್ರೇರಣೆ. ಸೆವಿಯರ್‌ವಿಲ್‌ನ ಕೋರ್ಟಿನ ಅಂಗಳದಲ್ಲಿ 1987ರಲ್ಲಿ ಮಗಳ ಕಂಚಿನ ಪ್ರತಿಮೆ ನಿಂತಾಗ, ಆ ತಂದೆ ರಾತ್ರಿ ಹೊತ್ತು ಟ್ರಕ್ಕಿನಲ್ಲಿ ಸೋಪಿನ ನೀರು, ಪೊರಕೆ ಇಟ್ಟುಕೊಂಡು ಹೋಗಿ ಪಾರಿವಾಳಗಳ ಹಿಕ್ಕೆಯನ್ನು ತೊಳೆದು ಬರುತ್ತಿದ್ದರಂತೆ. 2020ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಕೋವಿಡ್ ಸಂಶೋಧನೆಗಾಗಿ ಕೊಟ್ಟ 10 ಲಕ್ಷ ಡಾಲರಿನಲ್ಲಿ ಒಂದಂಶ ಮಾಡರ್ನಾ ಲಸಿಕೆಯ ಆರಂಭಿಕ ಕೆಲಸಕ್ಕೆ ನೆರವಾಯಿತು.

ಸಂಗೀತದಲ್ಲಿ ಎಂಬತ್ತರ ದಶಕದ ಪಾಪ್ ಮೆರುಗು ಮಾಸಿದ ಮೇಲೆ, ರೇಡಿಯೊ ಕೇಂದ್ರಗಳು ಐವತ್ತು ದಾಟಿದವರ ಹಾಡು ಹಾಕುವುದನ್ನು ಬಿಟ್ಟಾಗ, ಡಾಲಿ 1999ರಲ್ಲಿ ‘ದಿ ಗ್ರಾಸ್ ಈಸ್ ಬ್ಲೂ’ ಆಲ್ಬಮ್ಮಿನೊಂದಿಗೆ ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲುಗಳ ಬ್ಲೂಗ್ರಾಸ್‌ಗೆ, ಅಂದರೆ ಅಮ್ಮನ ಬಾಯಿಹಾಡಿನ ಹತ್ತಿರಕ್ಕೆ, ಮರಳಿದರು. ಅವರ ಈಚಿನ ದಶಕಗಳ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದೇ. 2007ರಲ್ಲಿ ಸ್ವಂತದ ರೆಕಾರ್ಡ್ ಕಂಪನಿಯನ್ನೂ ತೆರೆದು, ಹಾಡಿನ ಎರಡನೆಯ ಆಸ್ತಿಯಾದ ಧ್ವನಿಮುದ್ರಣವನ್ನೂ ತಮ್ಮ ಸುಪರ್ದಿಗೆ ತಂದುಕೊಂಡರು. 2022ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಹೆಸರು ಸೂಚಿತವಾದಾಗ, ತಾನು ರಾಕ್ ಗಾಯಕಿಯಲ್ಲವೆಂದು ಮೊದಲು ಹಿಂಜರಿದು, ಆಯ್ಕೆಯಾದ ಮೇಲೆ ಅದಕ್ಕೆ ತಕ್ಕಂತಿರಲೆಂದು ಮರುವರ್ಷ ಒಂದು ರಾಕ್ ಆಲ್ಬಮ್ಮನ್ನೇ ಮಾಡಿದರು.

ತಾವು ಬರೆದ ಹಾಡುಗಳು ಸುಮಾರು 3,000 ಎಂದು ಡಾಲಿ ಹೇಳುತ್ತಾರೆ. ಧ್ವನಿಮುದ್ರಣವಾದವು ಅದರಲ್ಲೊಂದು ಪಾಲು. ಅವುಗಳ ಪೈಕಿ ಒಂದು ಡಾಲಿವುಡ್‌ನ ಡ್ರೀಮ್‌ಮೋರ್ ಹೋಟೆಲಿನಲ್ಲಿ, ಚೆಸ್ಟ್‌ನಟ್ ಮರದ ಪೆಟ್ಟಿಗೆಯೊಳಗೆ ಬೀಗದಲ್ಲಿದೆ. 2015ರಲ್ಲಿ ಹೋಟೆಲು ತೆರೆದಾಗ ಮುಚ್ಚಿಟ್ಟದ್ದು. ತೆಗೆಯಬೇಕಾದದ್ದು 2045ರಲ್ಲಿ, ಡಾಲಿಯವರಿಗೆ 99 ತುಂಬುವ ವರ್ಷ. ಆ ಹೊತ್ತಿಗೆ ಅದನ್ನು ನುಡಿಸುವ ಯಂತ್ರ ಸಿಗದೇ ಹೋದೀತೆಂದು ಸಿಡಿಯ ಜೊತೆಗೆ ಸಿಡಿ ಪ್ಲೇಯರನ್ನೂ ಒಳಗೆ ಇಟ್ಟಿದ್ದಾರೆ. ಒಳ್ಳೆಯ ಹಾಡು ಅಲ್ಲಿ ಕೂತು ಕೊಳೆಯುತ್ತಿದೆ, ಅಗೆದು ತೆಗೆಯಬೇಕೆನ್ನಿಸುತ್ತದೆ ಎಂದು ಅವರೇ ಆಗಾಗ ಪೇಚಾಡುತ್ತಾರೆ.